ಹನ್ನೆರಡನೇ ರೆಕಾರ್ಡಿನ ಕೂಗು

ಕೆಂಪು ಶಾಯಿಯ ಡಬ್ಬಿಯನ್ನು ಸೊಗಾಬೆ ಮೂರನೇ ಸಲ ಮೇಜಿನ ಆ ಬದಿಗೆ ತಳ್ಳಿದರು. ಮೂರನೇ ಸಲವೂ ಹತಾನೊ ಅದನ್ನು ಒಂದೇ ಬೆರಳಲ್ಲಿ ವಾಪಸ್ ತಳ್ಳಿದರು.

"ಮೊಹರು ಮನೇಲೇ ಮರೆತು ಬಂದೆ," ಅಂದರು.

ಸಹಿಯ ಬದಲು ಒತ್ತುವ ಆ ಮೊಹರು ಅವರ ಅಂಗಿಯ ಜೇಬಿನಲ್ಲೇ ಇತ್ತು. ಪಕ್ಕದಲ್ಲಿ ಕೂತಿದ್ದ ಪತ್ತೇದಾರಿ ಚಿಗುಸಾಗೆ ಅದರ ಉಬ್ಬು ಕಾಣುತ್ತಿತ್ತು. ಎದುರಿಗಿದ್ದ ಸೊಗಾಬೆಗೂ ಕಾಣುತ್ತಿತ್ತು. ಆದರೆ ಟೋಕಿಯೊದ ಕಾಂದಾ ಪೇಟೆಯ ಹಳೇ ರೆಕಾರ್ಡ್ ವ್ಯಾಪಾರಿಗಳ ಸಂಘಕ್ಕೆ ಹದಿನಾಲ್ಕು ವರ್ಷದಿಂದ ಅಧ್ಯಕ್ಷರಾಗಿರುವ ಮನುಷ್ಯ, ಎಪ್ಪತ್ತೆರಡು ವರ್ಷದ ಹಿರಿಯ ವ್ಯಾಪಾರಿಗೆ ಜೇಬು ತೋರಿಸಿ ಅನ್ನುವುದಾದರೂ ಹೇಗೆ?

ಕ್ಷಮಾಪಣೆ ಪತ್ರ ಮೇಜಿನ ನಡುವೆ ಇತ್ತು. ನಾಲ್ಕೇ ಸಾಲು. ಕಳ್ಳತನ ಎನ್ನುವ ಶಬ್ದವೇ ಅದರಲ್ಲಿರಲಿಲ್ಲ. ನನ್ನ ಅಜಾಗರೂಕತೆಯಿಂದ ಎಲ್ಲರಿಗೂ ತೊಂದರೆಯಾಯಿತು, ಅಷ್ಟೇ. ಸೊಗಾಬೆ ಅದನ್ನೇ ಬೆವರು ಒರೆಸಿಕೊಳ್ಳುತ್ತ ಬಿಡಿಸಿ ಹೇಳಿದರು. ಒಂದು ಮೊಹರು ಒತ್ತಿ, ಒಂದು ಸಲ ತಲೆ ಬಾಗಿಸಿದರೆ ವಿಷಯ ಈ ಕೋಣೆಯಲ್ಲೇ ಮುಗಿಯುತ್ತದೆ. ಇಲ್ಲದಿದ್ದರೆ ಮೂರು ಗಂಟೆಗೆ ಸದಸ್ಯರೆಲ್ಲ ಬಂದು ಕೈ ಎತ್ತುತ್ತಾರೆ, ಹೆಸರು ಹೊಡೆದು ಹಾಕುತ್ತಾರೆ. ಆಮೇಲೆ ಈ ಊರಿನ ಒಬ್ಬ ವ್ಯಾಪಾರಿಯೂ ಹತಾನೊಗೆ ಒಂದು ರೆಕಾರ್ಡ್ ಮಾರುವುದಿಲ್ಲ, ಅವರಿಂದ ಕೊಳ್ಳುವುದಿಲ್ಲ. ನಲವತ್ತಾರು ವರ್ಷದ ಅಂಗಡಿಗೆ ಬಾಗಿಲು ಎಳೆದ ಹಾಗೆಯೇ.

ಹತಾನೊ ಬಾರ್ಲಿ ಚಹಾ ಒಂದು ಗುಟುಕು ಕುಡಿದರು.

"ಕದ್ದಿಲ್ಲ. ಬಾಗಲ್ಲ."

ಗೋಡೆ ಗಡಿಯಾರದಲ್ಲಿ ಎರಡೂ ಹತ್ತು. ಚಿಗುಸಾಗೆ ಉಳಿದಿದ್ದದ್ದು ಐವತ್ತು ನಿಮಿಷ.

ಆರೋಪ ಇದ್ದದ್ದು ಇಷ್ಟು. ತೀರಿಕೊಂಡ ಸಂಗ್ರಹಕಾರ ಶಿಗೆಹಾರಾ ಅವರ, ಒಂದೇ ಪೆಟ್ಟಿಗೆಯಲ್ಲಿ ಹಲವು ರೆಕಾರ್ಡ್ ಜೋಡಿಸಿದ ಬಾಕ್ಸ್ ಸೆಟ್‌ಗಳಿಗೆ ಬೆಲೆ ಕಟ್ಟಲು ಮೇ ತಿಂಗಳಲ್ಲಿ ಅವರ ಮನೆಗೆ ಹೋದ ಹತಾನೊ, ವಿಧವೆ ಚಹಾ ತರಲು ಒಳಗೆ ಹೋದ ಹತ್ತು ನಿಮಿಷದಲ್ಲಿ ಒಂದು ಪೆಟ್ಟಿಗೆಯಿಂದ ಅಪರೂಪದ ರೆಕಾರ್ಡನ್ನು ಚೀಲಕ್ಕೆ ಹಾಕಿಕೊಂಡು, ಅದರ ಜಾಗದಲ್ಲಿ ಸಾಮಾನ್ಯದ್ದೊಂದನ್ನು ಇಟ್ಟರು.

ಆ ವಿಧವೆ ಫುಮಿಯೆ ಮೇಜಿನ ತುದಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಅವರ ಪರವಾಗಿ ಮಾತೆಲ್ಲ ಆಡುತ್ತಿದ್ದವರು ಮುಕುನೊಕಿ. ಸಂಗೀತ ವಿಮರ್ಶಕರು, ಅರವತ್ತೈದು ವಯಸ್ಸು, ಇಸ್ತ್ರಿ ಮಡಿಕೆ ಮುರಿಯದ ಬಿಳಿ ಕೋಟು. ಸಂಗೀತ ಕೇಳುವುದು ಹೇಗೆ, ರೆಕಾರ್ಡ್ ಹಿಡಿಯುವುದು ಹೇಗೆ, ಸಭೆಯಲ್ಲಿ ಕೆಮ್ಮು ತಡೆಯುವುದು ಹೇಗೆ ಎಂದು ಮೂವತ್ತು ವರ್ಷದಿಂದ ಪತ್ರಿಕೆಯಲ್ಲಿ ಪಾಠ ಹೇಳುತ್ತ ಬಂದವರು. ಊರೆಲ್ಲ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿತ್ತು. ದೂರು ಕೊಟ್ಟವರೂ ಅವರೇ.

"ಸೊಗಾಬೆ ಸಾನ್," ಅಂದಳು ಚಿಗುಸಾ. "ಆ ಪೆಟ್ಟಿಗೆ ಒಂದ್ಸಲ ತೆಗೀಬಹುದಾ?"

ಸೊಗಾಬೆ ಹಿಂದೆಮುಂದೆ ನೋಡಿದರು. ದೂರು ಬಂದ ದಿನವೇ ಸಂಘ ಪೆಟ್ಟಿಗೆಯನ್ನು ತರಿಸಿ, ಕಾಗದದ ಪಟ್ಟಿ ಅಂಟಿಸಿ ಬೀರುವಿನಲ್ಲಿ ಇಟ್ಟಿತ್ತು. ಅದನ್ನು ಬಿಚ್ಚುವುದೆಂದರೆ ಸಭೆ ಕರೆಯಬೇಕು, ನಿರ್ಣಯ ಬರೆಯಬೇಕು ಅಂತೇನೋ ಶುರು ಮಾಡಿದರು.

ಮುಕುನೊಕಿ ನಕ್ಕರು. "ತೆಗೀರಿ ಸೊಗಾಬೆ ಸಾನ್. ಪಾಪ, ಹುಡುಗಿ ಬೇಸಿಗೆ ಹಾಳುಮಾಡ್ಕೊಂಡು ಓಡಾಡಿದಾಳೆ. ನೋಡ್ಲಿ."

ಹುಡುಗಿ ಅನ್ನಿಸಿಕೊಂಡ ಚಿಗುಸಾಗೆ ಇಪ್ಪತ್ತೊಂಬತ್ತು. ವಿಮಾ ಕಂಪನಿಯಲ್ಲಿ ಸುಳ್ಳು ಬೆಂಕಿ, ಸುಳ್ಳು ಕಳ್ಳತನಗಳನ್ನು ಐದು ವರ್ಷ ಹಿಡಿದು, ಬೇಸತ್ತು ಸ್ವಂತ ಪತ್ತೇದಾರಿ ಕಚೇರಿ ತೆರೆದವಳು. ಆದರೆ ಕಿವಿ ತೆರೆದದ್ದು ಹತಾನೊ ಅಂಗಡಿಯಲ್ಲಿ. ಶಾಲೆ ಬಿಟ್ಟ ಮೇಲೆ ದಿನವೂ ಬಂದು, ಒಂದು ಯೆನ್ ಖರ್ಚು ಮಾಡದೆ, ಮೂಲೆಯ ಸ್ಟೂಲಿನ ಮೇಲೆ ಕೂತು ಆರು ವರ್ಷ ಪುಕ್ಕಟೆ ಕೇಳಿದ್ದಳು. ಒಂದು ದಿನವೂ ಮುದುಕ ಏಳು ಅಂದಿರಲಿಲ್ಲ.

ಪೆಟ್ಟಿಗೆ ಮೇಜಿಗೆ ಬಂತು. ನೀಲಿ ಬಟ್ಟೆ ಹೊದಿಸಿದ ದಪ್ಪ ರಟ್ಟು, ಸುತ್ತಲೂ ಕಾಗದದ ನಡುಪಟ್ಟಿ. 'ಹನ್ನೆರಡು ಸಂಜೆಗಳು'. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಶರತ್ಕಾಲದಲ್ಲಿ ಉಯೆನೊದ ಒಂದು ಸಭಾಂಗಣದಲ್ಲಿ ಆರು ಸಂಜೆ ರಾಕ್ ತಂಡಗಳು, ಆರು ಸಂಜೆ ಆರ್ಕೆಸ್ಟ್ರಾ. ತಿದ್ದದೆ, ತೊಳೆಯದೆ, ಜನರ ಉಸಿರಿನ ಸಮೇತ ಹಿಡಿದ ಹನ್ನೆರಡು ರೆಕಾರ್ಡುಗಳು.

ಹುಚ್ಚೆಲ್ಲ ಹನ್ನೆರಡನೆಯದರ ಕೊನೆಯಲ್ಲಿತ್ತು. ಸಿಂಫನಿಯ ಕೊನೆಯ ಸ್ವರ ಕರಗಿದೆ, ಆರ್ಕೆಸ್ಟ್ರಾ ನಡೆಸುವ ನಿರ್ದೇಶಕನ ಕೈ ಇನ್ನೂ ಗಾಳಿಯಲ್ಲಿದೆ. ಆ ಕೈ ಇಳಿಯುವ ತನಕ ಟೋಕಿಯೊದಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಉಸಿರೂ ಬಿಡುವುದಿಲ್ಲ. ಆ ಸಂಜೆ ಮಾತ್ರ ಯಾರೋ ಒಬ್ಬ ಆ ಮೌನದ ನೆತ್ತಿಗೇ ಹೊಡೆದಂತೆ "ಬ್ರಾವೋ" ಎಂದು ಕೂಗಿಬಿಟ್ಟಿದ್ದ. ಮೊದಲ ನೂರು ಪೆಟ್ಟಿಗೆ ಮಾರಾಟವಾಗುವಷ್ಟರಲ್ಲಿ ಕಂಪನಿಗೆ ಕಂತೆಗಟ್ಟಲೆ ಬೈಗುಳದ ಕಾಗದ ಬಂತು. ಅವರು ಕೂಗನ್ನು ಕತ್ತರಿಸಿ ಮತ್ತೆ ಅಚ್ಚು ಹಾಕಿಸಿದರು. ಕೂಗು ಇರುವ ಆ ನೂರಕ್ಕಾಗಿ ಸಂಗ್ರಹಕಾರರು ಇವತ್ತಿಗೂ ಊಟ ಬಿಡುತ್ತಾರೆ.

ಶಿಗೆಹಾರಾ ಹತ್ತಿರ ಇದ್ದದ್ದು ಆ ನೂರರಲ್ಲಿ ಒಂದು. ಕಳೆದ ಅಕ್ಟೋಬರ್‌ನಲ್ಲಿ ಅವರೇ ಗೆಳೆಯರನ್ನು ಕರೆದು ಕೇಳಿಸಿದ್ದರು. ಮುಕುನೊಕಿ, ಸೊಗಾಬೆ, ಹತಾನೊ, ಎಲ್ಲರೂ ಆ ಕೂಗು ಕೇಳಿದ್ದರು. ಫೆಬ್ರವರಿಯಲ್ಲಿ ಶಿಗೆಹಾರಾ ಹೋದರು. ಮೇನಲ್ಲಿ ಹತಾನೊ ಹಾಕಿ ನೋಡಿದಾಗ ಕೂಗು ಇರಲಿಲ್ಲ.

ಚಿಗುಸಾ ಮೊದಲು ಹನ್ನೆರಡನೆಯದನ್ನು ಹೊರಗೆಳೆದಳು. ಒಳಗಿನ ಕಾಗದದ ಚೀಲದ ಬಾಯಿ ಪಕ್ಕಕ್ಕಿತ್ತು, ರೆಕಾರ್ಡಿನ ನಡುವಿನ ಚೀಟಿ ವಾಲಿಕೊಂಡಿತ್ತು. ಅದನ್ನು ಸೊಗಾಬೆಗೆ ತೋರಿಸಿ, ನೆನಪಿಟ್ಟುಕೊಳ್ಳಲು ಹೇಳಿದಳು. ಆಮೇಲೆ ಒಳ ಅಂಚಿನಲ್ಲಿ ಕೆತ್ತಿದ, ಯಾವ ಅಚ್ಚು ಅಂತ ಹೇಳುವ ಸಂಖ್ಯೆ ಏನಿದೆ, ಒಬ್ಬೊಬ್ಬರಾಗಿ ಓದಿ ಚೀಲಕ್ಕೆ ಹಾಕಿಕೊಡಿ ಅಂದಳು.

ಸೊಗಾಬೆ ಕನ್ನಡಕ ಹಣೆಗೇರಿಸಿ ಓದಿ, ಹೇಗೋ ತುರುಕಿ ಕೊಟ್ಟರು. ಫುಮಿಯೆ ಎರಡು ಅಂಗೈಯಲ್ಲಿ ಬಿಸಿ ಬಟ್ಟಲು ಹಿಡಿದ ಹಾಗೆ ಹಿಡಿದು, ಓದಲು ಬರದೆ, ಅರ್ಧ ಚೀಲದಲ್ಲಿ ಅರ್ಧ ಹೊರಗೆ ಉಳಿಸಿ ಪಕ್ಕಕ್ಕೆ ದಾಟಿಸಿದರು.

ಮುಕುನೊಕಿ ಸಂಖ್ಯೆ ಗಟ್ಟಿಯಾಗಿ ಓದಿದರು. ಇದು ಎರಡನೇ ಅಚ್ಚು, ಇದರಲ್ಲಿ ಅನುಮಾನವೇನಿದೆ, ಅಸಲಿ ಎಲ್ಲಿ ಅನ್ನುವುದಲ್ಲವೇ ಪ್ರಶ್ನೆ ಅಂತ ಸೊಗಾಬೆ ಕಡೆ ತಿರುಗಿ ಮಾತಾಡುತ್ತಲೇ ಇದ್ದರು. ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಎರಡು ಅಂಗೈಗಳ ಅಂಚಿನ ನಡುವೆ ರೆಕಾರ್ಡ್ ಒಂದು ಕಾಲು ಸುತ್ತು ತಿರುಗಿತು, ಚೀಟಿಯ ಅಕ್ಷರ ನೆಟ್ಟಗೆ ನಿಂತಿತು, ಚೀಲದ ಬಾಯಿ ಮೇಲಕ್ಕೆ ಬಂತು. ಒಂದು ಬೆರಳು ಅಂಚನ್ನು ಸವರಿತು.

ಚಿಗುಸಾ ಅದನ್ನು ಹಾಗೇ ತೆಗೆದುಕೊಂಡು ಮೇಜಿನ ಮೇಲಿಟ್ಟಳು. ಆಮೇಲೆ ಪೆಟ್ಟಿಗೆಯಿಂದ ಮೊದಲನೆಯದನ್ನು ಎಳೆದಳು. ಬಾಯಿ ಮೇಲೆ, ಅಕ್ಷರ ನೆಟ್ಟಗೆ. ಎರಡನೆಯದು, ಬಾಯಿ ಮೇಲೆ, ಅಕ್ಷರ ನೆಟ್ಟಗೆ. ಮೂರು, ನಾಲ್ಕು, ಐದು. ಏಳನೆಯದಕ್ಕೆ ಬರುವ ಹೊತ್ತಿಗೆ ಸೊಗಾಬೆಯ ಬೀಸಣಿಗೆ ನಿಂತಿತ್ತು.

ಹನ್ನೊಂದೂ ಸಾಲಾಗಿ ಮೇಜಿನ ಮೇಲೆ ಮಲಗಿದವು. ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ.

ಅವಳು ಆ ಬೆಳಿಗ್ಗೆಯೇ ಶಿಗೆಹಾರಾ ಮನೆಗೆ ಹೋಗಿ ಬಂದಿದ್ದನ್ನು ಹೇಳಿದಳು. ಅಲ್ಲಿ ಹತ್ತು ಪೆಟ್ಟಿಗೆ ಬಿಚ್ಚಿ ನೋಡಿದ್ದಳು. ರಾಕ್ ತಂಡಗಳ ಲೈವ್ ಪೆಟ್ಟಿಗೆ, ಆರ್ಕೆಸ್ಟ್ರಾ ಪೆಟ್ಟಿಗೆ, ಎಲ್ಲದರದ್ದೂ ಒಂದೇ ಗತಿ. ಚೀಲದ ಬಾಯಿ ಎಲ್ಲೆಂದರಲ್ಲಿ, ರೆಕಾರ್ಡ್ ಮೇಲೆ ಬೆರಳಿನ ಗುರುತು, ಒಳಗೆ ಸಿಗರೇಟಿನ ಬೂದಿ. ಒಂದರಲ್ಲಿ ಒಣಗಿದ ನೂಡಲ್ಸ್ ತುಂಡು ಕೂಡ ಇತ್ತು.

ಫುಮಿಯೆಯ ತುಟಿ ಒಂದಿಷ್ಟು ಅಲುಗಿತು. "ಅವ್ರು ಹಾಗೇ. ಹಾಕ್ತಿದ್ರು, ಕುಣೀತಿದ್ರು, ಬಿಸಾಡ್ತಿದ್ರು."

"ಈ ಪೆಟ್ಟಿಗೆ ನೋಡಿ," ಅಂದಳು ಚಿಗುಸಾ. "ಬೂದಿ ಇಲ್ಲ, ಬೆರಳಿನ ಗುರುತಿಲ್ಲ, ವಾಸನೆ ಇಲ್ಲ. ತೊಳೆದು ಇಟ್ಟಿರೋ ರೆಕಾರ್ಡ್‌ಗಳು. ಬದಲಾಗಿರೋದು ಒಂದಲ್ಲ ಸೊಗಾಬೆ ಸಾನ್. ಹನ್ನೆರಡೂ ಬದಲಾಗಿವೆ. ಪೆಟ್ಟಿಗೆ ಮಾತ್ರ ಶಿಗೆಹಾರಾ ಅವರದ್ದು."

"ಹಾಗಾದ್ರೆ ಹತಾನೊ ಸಾನ್ ಹನ್ನೆರಡೂ..." ಅಂದರು ಸೊಗಾಬೆ.

"ಹತಾನೊ ಯಜಮಾನ್ರ ಕೈ ಯಾವುದು ಅಂತ ಈಗ ತಾನೇ ನೋಡಿದ್ರಲ್ಲ. ವಾಲಿಕೊಂಡಿದ್ದ ಹನ್ನೆರಡನೇದು. ಮೇನಲ್ಲಿ ಅವ್ರು ಮುಟ್ಟಿದ್ದು ಅದೊಂದೇ. ಉಳಿದ ಹನ್ನೊಂದನ್ನ ಜೋಡಿಸಿಟ್ಟ ಕೈ ಬೇರೆ. ಅದನ್ನೂ ನೋಡಿದ್ರಿ."

ಯಾರೂ ಮುಕುನೊಕಿ ಕಡೆ ನೋಡಲಿಲ್ಲ. ನೋಡದೇ ಇರುವುದೇ ಬೆರಳು ತೋರಿಸಿದ ಹಾಗಿತ್ತು.

ಮೇಷ್ಟ್ರು ಕದಲಲಿಲ್ಲ. ಬಾಯಿ ಮೇಲಿದ್ದರೆ ಧೂಳು ಒಳಗೆ ಬೀಳುತ್ತದೆ ಅನ್ನುವವರು ದಡ್ಡರು, ಪಕ್ಕಕ್ಕಿದ್ದರೆ ರೆಕಾರ್ಡ್ ಉರುಳಿ ಹೊರಗೇ ಬೀಳುತ್ತದೆ ಎಂದು ತಾವೇ ಎಷ್ಟು ಸಲ ಬರೆದಿಲ್ಲ, ಅದನ್ನು ಓದಿ ಪಾಲಿಸುವ ಸಾವಿರಾರು ಜನ ಈ ದೇಶದಲ್ಲಿದ್ದಾರೆ, ಅವರೆಲ್ಲ ಕಳ್ಳರೇ ಅಂತ ತಣ್ಣಗೆ ಕೇಳಿದರು.

"ಸಾವಿರಾರು ಜನ ಇರಬಹುದು ಮೇಷ್ಟ್ರೇ. ಫೆಬ್ರವರಿಯಿಂದ ಮೇ ಒಳಗೆ ಆ ಮನೆಗೆ ಹೋದವರು ಎಷ್ಟು ಜನ?"

ಅವಳು ಫುಮಿಯೆ ಕಡೆ ತಿರುಗಿದಳು. ನಲವತ್ತೊಂಬತ್ತನೇ ದಿನದ ಕರ್ಮಕ್ಕೆ ಯಾರು ಯಾರು ಬಂದಿದ್ದರು?

ಫುಮಿಯೆ ಕೈಚೀಲದ ಹಿಡಿಯನ್ನು ತಿರುವುತ್ತ ಕೂತರು. ಆಮೇಲೆ ಬಹಳ ಮೆಲ್ಲಗೆ ಶುರು ಮಾಡಿದರು. ಹತ್ತಿರದ ನೆಂಟರು ಆರು ಜನ, ಮತ್ತೆ ಮೇಷ್ಟ್ರು. ಎಲ್ಲರೂ ಊಟಕ್ಕೆ ಕೂತಾಗ ಮೇಷ್ಟ್ರು ಮಾತ್ರ, ಗೆಳೆಯನ ಜೊತೆ ಸ್ವಲ್ಪ ಹೊತ್ತು ಇರುತ್ತೇನೆ ಅಂತ ಸಂಗೀತದ ಕೋಣೆಗೆ ಹೋದರು. ಮುಕ್ಕಾಲು ಗಂಟೆ ಆಯಿತು. ಬರುವಾಗ ಬಟ್ಟೆಯಲ್ಲಿ ಸುತ್ತಿದ ಒಂದು ಚೌಕ ಗಂಟು ತಂದಿದ್ದರು. ಉಡುಗೊರೆಯ ಸಿಹಿ ಇರಬೇಕು ಅಂದುಕೊಂಡು ತಾವು ಬದಲಿಗೆ ಕೊಡಲು ಚಹಾ ಪುಡಿಯ ಡಬ್ಬ ಕೂಡ ತೆಗೆದಿಟ್ಟಿದ್ದರು.

"ಹೋಗುವಾಗ ಆ ಗಂಟು ವಾಪಸ್ ತಗೊಂಡೇ ಹೋದ್ರು," ಅಂದರು ಫುಮಿಯೆ. "ತಂದ ಉಡುಗೊರೆ ಯಾರಾದ್ರೂ ವಾಪಸ್ ಒಯ್ತಾರಾ? ಆದ್ರೆ ನಂಗ್ಯಾಕೆ ಕೊಟ್ಟಿಲ್ಲ ಅಂತ ಕೇಳೋಕಾಗತ್ತಾ? ಚಹಾ ಪುಡಿ ಕೊಟ್ಟೆ. ಅದನ್ನೂ ತಗೊಂಡ್ರು."

ಹತಾನೊ ಮೂಗಿನಲ್ಲೇ ನಕ್ಕರು. ಅವತ್ತಿನ ಮೊದಲ ನಗು.

"ಒಂದೇ ರೆಕಾರ್ಡ್ ತಗೊಂಡಿದ್ರೆ ನಾನು ಹಿಡೀತಿರ್ಲಿಲ್ಲ ಮೇಷ್ಟ್ರೇ," ಅಂದಳು ಚಿಗುಸಾ. "ನಿಮಗೆ ಬೇಕಿದ್ದದ್ದು ಹನ್ನೆರಡನೇದು. ಹನ್ನೆರಡೂ ಯಾಕೆ ಹೊತ್ಕೊಂಡು ಹೋದ್ರಿ?"

ಮುಕುನೊಕಿ ಅವಳನ್ನು ನೋಡಿದ ರೀತಿ, ಅವಳು ಅವರಿಗೆ ಕೂಸಿನ ಕಾಲು ಕತ್ತರಿಸಿ ಅಂತ ಹೇಳಿದ ಹಾಗಿತ್ತು.

"ಸೆಟ್ ಒಡೆಯೋದಾ?"

ಆ ಎರಡು ಮಾತು ಬಾಯಿಂದ ಬಿದ್ದ ಮೇಲೆ ಅವರಿಗೇ ಅರ್ಥವಾಯಿತು, ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ ಎಂದು. ಬಿಳಿ ಕೋಟಿನ ಗುಂಡಿ ಬಿಚ್ಚಿದರು. ಒಮ್ಮೆಗೇ ಹತ್ತು ವರ್ಷ ಹೆಚ್ಚು ವಯಸ್ಸಾದವರ ಹಾಗೆ ಕಂಡರು.

ಆ ಕೂಗು ತಮ್ಮದೇ ಅಂದರು. ಆಗ ಹತ್ತೊಂಬತ್ತು ವರ್ಷ, ಕಾಲೇಜು ಹುಡುಗ, ಎರಡನೇ ಮಹಡಿಯ ಅಗ್ಗದ ಸೀಟು. ಎದೆ ತುಂಬಿ ಬಂತು, ಬಾಯಿ ತೆರೆಯಿತು. ಸಭೆಯೆಲ್ಲ ತಿರುಗಿ ನೋಡಿದ ಆ ನೋಟವನ್ನು ನಲವತ್ತಾರು ವರ್ಷದಿಂದ ಹೊತ್ತುಕೊಂಡು ಬಂದಿದ್ದಾರೆ. ಆಮೇಲೆ ವಿಮರ್ಶಕರಾದರು. ಅವಸರದ ಬ್ರಾವೋ ಕೂಗುವವರ ಚರ್ಮ ಸುಲಿದು ಸುಲಿದು ಬರೆದರು. ಆ ನೂರು ಪೆಟ್ಟಿಗೆಗಳನ್ನು ಒಂದೊಂದಾಗಿ ಹುಡುಕಿ, ಕೊಂಡು, ಮನೆಯಲ್ಲಿ ಮುಚ್ಚಿಟ್ಟರು. ಶಿಗೆಹಾರಾ ಮಾತ್ರ ಎಷ್ಟು ಕೇಳಿದರೂ ಮಾರಲಿಲ್ಲ.

"ಮಾರೋದೆಲ್ಲಿಂದ," ಅಂದರು ಫುಮಿಯೆ. ದನಿ ಈಗ ಮೆಲ್ಲಗಿರಲಿಲ್ಲ. "ನಮ್ಮನೆಯವ್ರಿಗೆ ಆ ಪೆಟ್ಟಿಗೇಲಿ ಇಷ್ಟವಾಗಿದ್ದೇ ಆ ಕೂಗು. ಅಷ್ಟು ದೊಡ್ಡ ಸಭೆಯಲ್ಲಿ ಒಬ್ಬನಿಗಾದ್ರೂ ಜೀವ ಇತ್ತಲ್ಲ ಅಂತಿದ್ರು. ನೀವೇ ಅಂತ ಹೇಳಿದ್ರೆ ಕುಣಿದು ಕುಪ್ಪಳಿಸ್ತಿದ್ರು. ನೀವು ನೋಡಿದ್ರೆ ಅದಕ್ಕೆ ನಾಚ್ಕೊಂಡು ಕಳ್ಳರಾದ್ರಿ."

ಮುಕುನೊಕಿ ಮೇಜಿನ ಕಡೆ ಕಣ್ಣು ಇಳಿಸಿದರು.

ಸೊಗಾಬೆ ಕ್ಷಮಾಪಣೆ ಪತ್ರವನ್ನು ಎರಡಾಗಿ ಮಡಿಚಿದರು. ಶಾಯಿ ಡಬ್ಬಿಗೆ ಮುಚ್ಚಳ ಹಾಕಿದರು. ಹತಾನೊ ಎದುರು ತಾವೇ ತಲೆ ಬಾಗಿಸಬೇಕೇ, ಬಾಗಿಸಿದರೆ ಎಷ್ಟು ಬಾಗಿಸಬೇಕು ಅನ್ನುವ ಲೆಕ್ಕಾಚಾರ ಅವರ ಕುತ್ತಿಗೆಯಲ್ಲೇ ಕಾಣುತ್ತಿತ್ತು. ಚಿಗುಸಾ ಗೋಡೆ ಗಡಿಯಾರ ನೋಡಿದಳು. ಎರಡೂ ಮುಕ್ಕಾಲು. ಅಂಗಡಿ ಉಳಿಯಿತು.

"ಒಂದು ಪ್ರಶ್ನೆ ಯಾರೂ ಕೇಳಲೇ ಇಲ್ಲ," ಅಂದರು ಮುಕುನೊಕಿ.

ಅವರು ಈಗಲೂ ಮೇಜನ್ನೇ ನೋಡುತ್ತಿದ್ದರು.

"ನಂಗೆ ಬೇಕಾದ್ದು ಸಿಕ್ಕಿದ್ರೆ ನಾನ್ಯಾಕೆ ದೂರು ಕೊಡ್ತಿದ್ದೆ? ಹತಾನೊ ಸಾನ್ ಎರಡನೇ ಅಚ್ಚು ಅಂದಾಗ ಸುಮ್ನೆ ಮನೇಲಿ ಕೂತಿರ್ತಿದ್ದೆ. ಯಾವ ಕಳ್ಳ ತಾನೇ ಪೊಲೀಸ್ ಕರೀತಾನೆ?"

 ಈ ಪ್ರಶ್ನೆ ಚಿಗುಸಾಗೂ ಹೊಳೆದಿತ್ತು. ಗೆಲ್ಲುವ ಅವಸರದಲ್ಲಿ ಪಕ್ಕಕ್ಕಿಟ್ಟಿದ್ದಳು.

ಮುಕುನೊಕಿ ಹೇಳಿದರು. ಏಪ್ರಿಲ್‌ನಲ್ಲಿ ಆ ಗಂಟು ಮನೆಗೆ ಒಯ್ದು, ಬಾಗಿಲು ಹಾಕಿ, ಹನ್ನೆರಡನೆಯದನ್ನು ಹಾಕಿದರು. ಕೊನೆಯ ಸ್ವರ ಕರಗಿತು. ಮೌನ. ಕೈ ಇಳಿಯಿತು, ಚಪ್ಪಾಳೆ. ಕೂಗು ಇರಲಿಲ್ಲ. ಹನ್ನೊಂದು ರೆಕಾರ್ಡ್ ಮೊದಲ ಅಚ್ಚು, ಬೂದಿ ಸಮೇತ. ಹನ್ನೆರಡನೆಯದು ಮಾತ್ರ ಎರಡನೇ ಅಚ್ಚು.

"ನನಗಿಂತ ಮುಂಚೆ ಯಾರೋ ತೆಗೆದಿದ್ರು. ಒಂದೇ ಒಂದನ್ನ. ಸೆಟ್ ಒಡೆದು." ಈಗ ಅವರು ನೇರವಾಗಿ ಹತಾನೊ ಕಡೆ ನೋಡಿದರು. "ಒಬ್ಬ ಸಂಗ್ರಹಕಾರನ ಕೈಗೆ ಅದು ಬರೋ ಕೆಲಸ ಅಲ್ಲ. ಒಂಟಿ ರೆಕಾರ್ಡು ಅಂಗಡೀಲಿ ಇಟ್ಕೊಂಡಿರೋನು, ಅದನ್ನ ಬಿಡಿಬಿಡಿಯಾಗಿ ಮಾರಿ ಅಭ್ಯಾಸ ಇರೋನು ಮಾತ್ರ ಮಾಡಬಲ್ಲ. ವ್ಯಾಪಾರಿ. ಅದನ್ನ ಹೊರಗೆ ತೆಗೆಸೋಕೇ ದೂರು ಕೊಟ್ಟೆ. ನಾನು ಕಳ್ಳ, ಒಪ್ಕೊಂಡೆ. ಇವ್ರನ್ನೂ ಕೇಳಿ."

ಸೊಗಾಬೆಯ ಕೈ ಮಡಿಚಿದ ಪತ್ರದ ಮೇಲೆ ನಿಂತಿತು.

ಚಿಗುಸಾ ಕೇಳಲೇಬೇಕಿತ್ತು. ಕೇಳದಿದ್ದರೆ ಇಷ್ಟು ಹೊತ್ತು ಆಡಿದ್ದೆಲ್ಲ ವಕೀಲಿಕೆ ಆಗುತ್ತಿತ್ತು, ಪತ್ತೇದಾರಿಕೆ ಅಲ್ಲ. ಆರು ವರ್ಷ ಪುಕ್ಕಟೆ ಸಂಗೀತ ಕೇಳಿಸಿದ ಮನುಷ್ಯನ ಮುಖ ನೋಡಿ ಕೇಳುವುದು ಎಷ್ಟು ಕಷ್ಟ ಅಂತ ಅವಳಿಗೆ ಆಗಲೇ ಗೊತ್ತಾದದ್ದು.

"ಯಜಮಾನ್ರೇ. ಇಲ್ಲ ಅಂತ ಒಂದು ಮಾತು ಹೇಳಿಬಿಡಿ. ಸಾಕು."

ಹತಾನೊ ಖಾಲಿ ಲೋಟವನ್ನು ಮೇಜಿನ ಮೇಲೆ ಸರಿಯಾಗಿ ಇಟ್ಟರು.

"ಇದೆ," ಅಂದರು. "ಅಕ್ಟೋಬರ್‌ನಿಂದ ನನ್ನ ಹತ್ರಾನೇ ಇದೆ."

ಕೆಳಗೆ ಬೀದಿ ಬಾಗಿಲು ತೆರೆದ ಸದ್ದು. ಸದಸ್ಯರು ಒಬ್ಬೊಬ್ಬರಾಗಿ ಚಪ್ಪಲಿ ಬಿಡುತ್ತಿದ್ದರು.

"ಕದ್ದಿಲ್ಲ ಅಂದೆ, ಅದು ನಿಜ. ವಾಪಸ್ ಕೊಡಲ್ಲ, ಅದೂ ನಿಜ. ಹೆಸರು ಹೊಡೆದು ಹಾಕ್ತೀರಾ, ಹೊಡೀರಿ. ನಲವತ್ತಾರು ವರ್ಷ ಸಾಕು ನಂಗೆ."

"ಹಾಗಾದ್ರೆ ಅದು ನಿಮ್ಮ ಕೈಗೆ ಹೇಗೆ ಬಂತು ಅಂತ ಹೇಳಿ," ಅಂದಳು ಚಿಗುಸಾ. ದನಿ ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಇವ್ರೆಲ್ಲ ಮೇಲೆ ಬರೋಷ್ಟರಲ್ಲಿ ಹೇಳಿ. ನಾನಿನ್ನೂ ನಿಮ್ಮ ಪಕ್ಕದಲ್ಲೇ ಕೂತಿದೀನಿ."

ಹತಾನೊ ಉತ್ತರ ಕೊಡಲು ಬಾಯಿ ತೆರೆದರು. ಆದರೆ ಅವರ ಕಣ್ಣು ಚಿಗುಸಾ ಮೇಲಿರಲಿಲ್ಲ. ಮೇಜಿನ ತುದಿಯಲ್ಲಿತ್ತು. ಅಲ್ಲಿ ಫುಮಿಯೆ ಎದ್ದು ನಿಂತಿದ್ದರು. ಮುಖ ಕಾಗದದ ಹಾಗೆ ಬಿಳಿಚಿಕೊಂಡಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು.

"ಹೇಳ್ಬೇಡಿ ಹತಾನೊ ಸಾನ್," ಅಂದರು ಆಕೆ. "ಅಂಗಡಿ ಹೋದ್ರೂ ಹೇಳ್ಬೇಡಿ. ಅದನ್ನ ಇಸ್ಕೊಳ್ಳುವಾಗ ನಮ್ಮನೆಯವ್ರಿಗೆ ಮಾತು ಕೊಟ್ಟಿದೀರಿ."